ದೊಡ್ಡಪ್ಪನಿಗೆ ಒಂದೇ ಬಟನ್ ಸಾಕಿತ್ತು

ದೊಡ್ಡಪ್ಪನಿಗೆ ಲಕ್ವಾ ಹೊಡೆದ ಮೇಲೆ ಬಲಗೈ, ಬಲಗಾಲು ಎರಡೂ ಹೋದವು. ಮಾತು ಪೂರ್ತಿ ಹೋಗಲಿಲ್ಲ, ಆದರೆ ಒಂದೊಂದು ಶಬ್ದವನ್ನೂ ಬಾಯೊಳಗೆ ಹುಡುಕಿ ಹೊರಗೆ ತೆಗೆಯಬೇಕಾಗುತ್ತಿತ್ತು. ಇಳಕಲ್ಲಿನ ಮನೆಯ ಒಳಕೋಣೆಯಲ್ಲಿ, ಟಿವಿಯ ಎದುರಿಗೆ ಹಾಕಿದ ಹೊರಸಿನ ಮೇಲೆ, ಬೆಳಗಿನಿಂದ ಸಂಜೆಯವರೆಗೆ ಮಲಗಿರುತ್ತಿದ್ದರು. ಟಿವಿಯೂ ಬೆಳಗಿನಿಂದ ಸಂಜೆಯವರೆಗೆ ನಡೆದೇ ಇರುತ್ತಿತ್ತು.

ನಾನಿರುವುದು ಕಮತಗಿಯಲ್ಲಿ. ಅವರನ್ನು ನೋಡಿಬರಲು ಹೋದ ದಿನ ದೊಡ್ಡವ್ವ ಪಡಸಾಲೆಯಲ್ಲಿ ಮಗ್ಗದ ಕುಣಿಯೊಳಗೆ ಕಾಲು ಇಳಿಬಿಟ್ಟು ಸೀರೆ ನೇಯುತ್ತಿದ್ದಳು. ಅದು ದೊಡ್ಡಪ್ಪನ ಮಗ್ಗ. ಅವರು ಮಲಗಿದ ಮೇಲೆ ಆಕೆ ಅದರಲ್ಲಿ ಕೂತಿದ್ದಳು. ನಾನು ಒಳಗೆ ಹೋಗಿ ಹೊರಸಿನ ಪಕ್ಕ ಕೂತೆ. ಟಿವಿಯಲ್ಲಿ ಒಬ್ಬ ಅತ್ತೆ ಸೊಸೆಯ ಮೇಲೆ ಹರಿಹಾಯುತ್ತಿದ್ದಳು. ದೊಡ್ಡಪ್ಪ ಎಡಗೈ ಎತ್ತಿ ಟಿವಿ ತೋರಿಸಿ, ಬಹಳ ಹೊತ್ತು ಹುಡುಕಿ, "ಬಂದ್" ಎಂದರು.

ನಾನು ಎದ್ದು ರಿಮೋಟ್ ಹುಡುಕಿದೆ. ಅದು ದೇವರ ಜಗಲಿಯ ಮೇಲೆ, ರಬ್ಬರ್ ಸುತ್ತಿಕೊಂಡು ಕೂತಿತ್ತು. ಹೊರಗಿನಿಂದ ದೊಡ್ಡವ್ವ ಕೂಗಿದಳು: "ಬಂದ್ ಮಾಡಬ್ಯಾಡವಾ. ಹಂಗ ಅಂತಿರ್ತಾರ ಅವರು. ಒಬ್ಬರ ಮಲಕೊಂಡ್ರ ಜೀವಕ್ಕ ಬ್ಯಾಸರ ಆಗ್ತೈತಿ."

"ಬ್ಯಾಡ ಅನ್ನಾಕತ್ತಾರಲ್ಲ ದೊಡ್ಡವ್ವಾ?"

"ಔಷಧಾನೂ ಬ್ಯಾಡ ಅಂತಾರ. ಕೇಳಾಕಾಗ್ತೈತೇನು?"

ರಿಮೋಟ್ ಮೊದಲು ಅವರ ಕೈಯಲ್ಲೇ ಇತ್ತಂತೆ. ಎಡಗೈಯ ಹಿಡಿತ ಸಾಲದೆ ಬಿದ್ದು ಬಿದ್ದು ಸೆಲ್ಲಿನ ಮುಚ್ಚಳ ಒಡೆದಿತ್ತು. ಅದರ ಸಣ್ಣ ಸಣ್ಣ ಬಟನ್‌ಗಳ ಮೇಲೆ ಅವರು ಹೆಬ್ಬೆರಳು ಇಟ್ಟರೆ ಒಮ್ಮೆಗೆ ಮೂರು ಒತ್ತಿಹೋಗುತ್ತಿದ್ದವು. ಹಾಗಾಗಿ ರಿಮೋಟ್ ದೇವರ ಹತ್ತಿರ ಹೋಯಿತು. ದೊಡ್ಡಪ್ಪ ನನ್ನನ್ನೇ ನೋಡುತ್ತಿದ್ದರು. "ದೊಡ್ಡಪ್ಪಾ, ನಿಮ್ಮ ಕೈಯಾಗ ಬಟನ್ ಕೊಡ್ತೇನಿ ತಡೀರಿ" ಎಂದೆ. ಅವರು ಕಣ್ಣು ಮುಚ್ಚಿ ತೆರೆದರು. ಅದು ಹೂಂ ಅಂತ.

ನನಗೆ ಫೋನಿನ ಹುಚ್ಚು. ಯಾರೂ ಕಲಿಸಿದ್ದಲ್ಲ, ವಿಡಿಯೋ ನೋಡಿ ನೋಡಿ ಬಂದದ್ದು. ಅರ್ಧ ವಿಡಿಯೋಗಳ ಭಾಷೆ ಗೊತ್ತಿಲ್ಲ, ಅವರ ಬೆರಳು ಎಲ್ಲಿ ಹೋಗುತ್ತದೆ ಎಂದು ನೋಡುವುದು, ಹಾಗೇ ಮಾಡುವುದು. ನನ್ನ ಹತ್ತಿರ ಮೂಲೆ ಒಡೆದ ಒಂದು ಹಳೇ ಫೋನ್ ಇತ್ತು. ಅದರ ತಲೆಯ ಮೇಲೆ ಕಪ್ಪಗೆ ಒಂದು ಚುಕ್ಕೆ. ರಿಮೋಟಿನ ಮೂತಿಯಿಂದ ಕಣ್ಣಿಗೆ ಕಾಣದ ಬೆಳಕು ಬರುತ್ತದಲ್ಲ, ಅದೇ ಬೆಳಕು ಈ ಚುಕ್ಕೆಯಿಂದಲೂ ಬರುತ್ತದೆ. ಅದಕ್ಕೆ ಒಂದು ಆ್ಯಪ್ ಹಾಕಿಕೊಂಡರೆ ಫೋನೇ ರಿಮೋಟ್. ಅಷ್ಟೇ ಅಲ್ಲ, ರಿಮೋಟ್ ಹೇಗಿರಬೇಕು ಅನ್ನುವುದನ್ನು ನಾವೇ ಬರೆದುಕೊಳ್ಳಬಹುದು: ಎಷ್ಟು ಬಟನ್, ಯಾವ ಬಣ್ಣ, ಎಷ್ಟು ದೊಡ್ಡದು, ಒಂದನ್ನು ಒತ್ತಿದರೆ ಎಷ್ಟು ಕೆಲಸ ಆಗಬೇಕು. ನಮ್ಮ ಮನೆಯಲ್ಲಿ ಮಾಡಿ ತೋರಿಸಿದಾಗ ಅವ್ವ ಅಂದಿದ್ದಳು, "ರಿಮೋಟ್ ಇದ್ದ ಮನ್ಯಾಗ ಮತ್ತೊಂದ್ ರಿಮೋಟ್ ಯಾಕಬೇಕ?" ಈಗ ಅದಕ್ಕೊಂದು ಕೆಲಸ ಸಿಕ್ಕಿತ್ತು.

ಕಮತಗಿಗೆ ಬಂದು ದೊಡ್ಡಪ್ಪನ ರಿಮೋಟ್ ಕಟ್ಟಲು ಕೂತೆ. ಸುದ್ದಿಗೊಂದು ಬಟನ್, ಭಜನಾ ಪದಗಳಿಗೊಂದು, ಕುಸ್ತಿ ಬರುವ ಚಾನೆಲ್ಲಿಗೊಂದು. ಧ್ವನಿ ಏರಿಸಲು ಹಸಿರು, ಇಳಿಸಲು ಹಳದಿ, ಬಂದ್ ಮಾಡಲು ಕೆಂಪು. ಹಿಂದೆ ಮಗ್ಗದ ಚಿತ್ರ. ಅದನ್ನು ತಿದ್ದಿ ತಿದ್ದಿ ಎಷ್ಟು ಚೆಂದ ಮಾಡಿದೆನೆಂದರೆ ನನಗೇ ಲಕ್ವಾ ಆಗಿದ್ದರೂ ಅಡ್ಡಿಯಿಲ್ಲ ಅನಿಸುವಷ್ಟು.

ಮುಂದಿನ ಸಲ ಅಮೀನಗಡದಲ್ಲಿ ಬಸ್ಸು ನಿಂತಾಗ ಕರದಂಟಿನ ಡಬ್ಬಿ ತೆಗೆದುಕೊಂಡು, ಭಾರೀ ಉಮೇದಿಯಲ್ಲಿ ಹೋದೆ. ಹೋದವಳು ಟಿವಿಯ ಹೆಸರು ನೋಡಿದೆ. ಆ ಹೆಸರು ಆ್ಯಪ್‌ನ ಪಟ್ಟಿಯಲ್ಲಿ ಇರಲಿಲ್ಲ. ಬಜಾರಿನ ಯಾವುದೋ ಅಂಗಡಿಯವರು ಅವರೇ ಜೋಡಿಸಿ, ಅವರೇ ಹೆಸರಿಟ್ಟು ಮಾರಿದ ಟಿವಿ ಅದು. ಅಂಗಡಿಯೂ ಈಗ ಇಲ್ಲ.

ಇಂಥದ್ದಕ್ಕೂ ಆ್ಯಪ್‌ನಲ್ಲಿ ದಾರಿ ಇದೆ. ಒಂದೊಂದೇ ಸಂಕೇತ ಕಳಿಸುತ್ತದೆ, "ಟಿವಿ ಆರಿತೇ?" ಎಂದು ಕೇಳುತ್ತದೆ. ಆರದಿದ್ದರೆ ಇಲ್ಲ ಎಂದು ಒತ್ತಬೇಕು, ಅದು ಮುಂದಿನದನ್ನು ಕಳಿಸುತ್ತದೆ. ಇಲ್ಲ. ಇಲ್ಲ. ಇಲ್ಲ. ದೊಡ್ಡಪ್ಪ ಒಮ್ಮೆ ನನ್ನ ಕಡೆ, ಒಮ್ಮೆ ಟಿವಿ ಕಡೆ ನೋಡುತ್ತ ಮಲಗಿದ್ದರು. ಪಟ್ಟಿ ಮುಗಿಯಿತು. ಅತ್ತೆ ಇನ್ನೂ ಬೈಯುತ್ತಲೇ ಇದ್ದಳು.

ಫೋನಿನಿಂದ ಬೆಳಕೇ ಬರುತ್ತಿಲ್ಲವೇನೋ ಎಂದು ದೊಡ್ಡವ್ವನ ಫೋನಿನ ಕ್ಯಾಮೆರಾದಲ್ಲಿ ನೋಡಿದೆ. ಒತ್ತಿದಾಗಲೆಲ್ಲ ಚುಕ್ಕೆಯಲ್ಲಿ ನೇರಳೆ ಬಣ್ಣ ಮಿನುಗುತ್ತಿತ್ತು. ಫೋನ್ ಸರಿಯಾಗಿತ್ತು. ಏನೂ ತೋಚದೆ ಟಿವಿಯ ಮುಂದೆ ಕುಕ್ಕರಗಾಲಲ್ಲಿ ಕೂತೆ. ಆಗ ದೊಡ್ಡವ್ವ ನೀರು ಕುಡಿಯಲು ಒಳಗೆ ಬಂದಳು.

"ಯಾಕವಾ, ಮಾರಿ ಸಪ್ಪಗ ಮಾಡೀದಿ?"

"ಒಂದೂ ಹತ್ತವಲ್ದು ದೊಡ್ಡವ್ವಾ."

"ಅರಿಬಿ ಎತ್ತಿಲ್ಲಲ್ಲ ನೀ."

ಟಿವಿಯ ತಲೆಯ ಮೇಲೆ ಆಕೆ ಖಣದ ಬಟ್ಟೆ ಹೊಚ್ಚಿದ್ದಳು. ಪಕ್ಕದ ಓಣಿಯಲ್ಲಿ ಕಲ್ಲು ಪಾಲಿಶ್ ಮಾಡುತ್ತಾರೆ, ಧೂಳು ಮನೆಯೊಳಗೆ ಬಂದು ಕೂಡುತ್ತದೆ, ಅದಕ್ಕೆ. ಸುತ್ತ ಜಾಲರಿ ಹಚ್ಚಿ ಹೊಲಿದ ಆ ಬಟ್ಟೆಯ ಅಂಚು ಪರದೆಗೆ ಅಡ್ಡ ಬರದಂತೆ ಎರಡೂ ಮಗ್ಗುಲಿಗೆ ಇಳಿದು, ಕೆಳಗಿನ ಪಟ್ಟಿಯ ಮೂಲೆಯನ್ನು ಮುಚ್ಚಿತ್ತು. ರಿಮೋಟಿನ ಬೆಳಕು ಹಿಡಿಯುವ ಟಿವಿಯ ಕಣ್ಣು ಇದ್ದದ್ದು ಅದೇ ಮೂಲೆಯಲ್ಲಿ. ದೊಡ್ಡವ್ವ ರಿಮೋಟ್ ಒತ್ತುವಾಗಲೆಲ್ಲ ಒಂದು ಕೈಯಲ್ಲಿ ಅಂಚು ಎತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಒತ್ತುತ್ತಿದ್ದಳಂತೆ.

"ಮೊದಲ ಹೇಳಬಾರದನ?"

"ಟಿವಿ ಅಂದಮ್ಯಾಲೆ ಎತ್ತೇ ಒತ್ತಬೇಕಲ್ಲ. ಇಷ್ಟ ಓದೀದಿ, ನಿನಗ ಗೊತ್ತಿರ್ತೈತಿ ಅಂದ್ಕೊಂಡೆ."

ಅಂಚಿಗೆ ಪಿನ್ನು ಚುಚ್ಚಿ ಮೇಲಕ್ಕೆ ಮಡಚಿ, ಸಂಕೇತಗಳ ಪಟ್ಟಿಯನ್ನು ಮತ್ತೆ ಮೊದಲಿನಿಂದ ಶುರು ಮಾಡಿದೆ. ನಡುವೆ ಎಲ್ಲೋ ಒಂದು ಸಂಕೇತಕ್ಕೆ ಟಿವಿ ಟಪ್ಪಂತ ಆರಿತು. ಖಾತ್ರಿಗೆ ತಕ್ಷಣ ಮತ್ತೊಮ್ಮೆ ಒತ್ತಿದೆ, ಹತ್ತಿಕೊಂಡಿತು; ಅದನ್ನು ನೋಡಿ ದೊಡ್ಡವ್ವ ಮಗ್ಗಕ್ಕೆ ಹೋದಳು.

ಫೋನನ್ನು ದೊಡ್ಡಪ್ಪನ ಎಡಗೈ ಹತ್ತಿರ, ಹೊರಸಿನ ಪಟ್ಟಿಗೆ ನೂಲಿನ ಹುರಿಯಿಂದ ಬಿಗಿದು ಕಟ್ಟಿದೆ. ಅದರ ತಲೆ ಟಿವಿಯ ಕಡೆ ಇತ್ತು, ಎತ್ತುವ ಕೆಲಸ ಇಲ್ಲ. ಚಾರ್ಜರಿಗೆ ಹಚ್ಚಿ, ಪರದೆ ಆರದಂತೆ, ಆ್ಯಪ್ ಬಿಟ್ಟು ಬೇರೆ ಕಡೆ ಹೋಗದಂತೆ ಮಾಡಿದೆ. ಆಮೇಲೆ ನನ್ನ ಚೆಂದದ ಪುಟವನ್ನು ತೋರಿಸಿದೆ. ದೊಡ್ಡಪ್ಪ ಹೆಬ್ಬೆರಳು ಊರಿದರು. ಸುದ್ದಿಯೂ ಕುಸ್ತಿಯೂ ಒಮ್ಮೆಗೇ ಒತ್ತಿಹೋಗಿ ಯಾವುದೋ ಅಡುಗೆಯ ಚಾನೆಲ್ ಬಂತು. ಕುಸ್ತಿ ತೆಗೆದೆ. ಭಜನೆ ತೆಗೆದೆ. ಬಟನ್ ದೊಡ್ಡ ಮಾಡಿದೆ. ಆಗಲಿಲ್ಲ. ಅವರು ಬೆವರಿದ್ದರು.

"ಒಂದ" ಎಂದರು. ಉಸಿರು ತೆಗೆದುಕೊಂಡು ಮತ್ತೊಮ್ಮೆ, "ಒಂದ ಸಾಕು."

ಎಲ್ಲ ಅಳಿಸಿದೆ, ಮಗ್ಗದ ಚಿತ್ರ ಸಮೇತ. ಇಡೀ ಪರದೆಯ ತುಂಬ ಕೆಂಪು ಬಟನ್ ಒಂದೇ ಉಳಿಯಿತು. ಅವರು ಅಂಗೈಯನ್ನೇ ಅದರ ಮೇಲೆ ಇಟ್ಟರು. ಟಿವಿ ಆರಿತು.

ಆ ಕೋಣೆ ಸದ್ದಿಲ್ಲದೆ ಇದ್ದದ್ದನ್ನು ನಾನು ನೋಡಿದ್ದು ಅದೇ ಮೊದಲು. ಪಡಸಾಲೆಯಿಂದ ಖಟ್ ಖಟ್ ಎಂದು ಮಗ್ಗದ ಸಪ್ಪಳ ಬರುತ್ತಿತ್ತು. ಅದು ಇಷ್ಟು ಸಮೀಪದಲ್ಲಿದೆ ಎಂದು ನನಗೆ ಗೊತ್ತೇ ಆಗಿರಲಿಲ್ಲ. ದೊಡ್ಡಪ್ಪನ ಮುಖದ ಒಂದು ಬದಿ ಸಡಿಲಾಯಿತು. "ಮಗ್ಗ" ಎಂದರು. ಆಗ ತಿಳಿಯಿತು, ಅವರಿಗೆ ಬೇಕಾಗಿದ್ದದ್ದು ಬಂದ್ ಮಾಡುವುದಲ್ಲ, ಇದು ಕೇಳುವುದು.

ಅವರು ಆ ಶಬ್ದ ಪೂರ್ತಿ ಮುಗಿಸಿದ್ದರೋ ಇಲ್ಲವೋ, ಮಗ್ಗ ನಿಂತಿತು. ಏನೋ ಬಿದ್ದ ಸಪ್ಪಳ. ದೊಡ್ಡವ್ವ ಬಾಗಿಲಲ್ಲಿ ನಿಂತಿದ್ದಳು, ಸೀರೆಯ ನಿರಿಗೆ ಒಂದು ಕೈಯಲ್ಲಿ, ಲಾಳಿ ಇನ್ನೊಂದು ಕೈಯಲ್ಲಿ.

"ಏನಾತ್ರಿ? ಏನಾತವಾ ಅವರಿಗಿ?"

"ಏನೂ ಆಗಿಲ್ಲ ದೊಡ್ಡವ್ವಾ. ಅವರ ಬಂದ್ ಮಾಡಿದ್ರು. ತಮ್ಮ ಕೈಲೇ."

ಆಕೆ ಹೊರಸಿನ ಅಂಚಿಗೆ ಕುಸಿದು ಕೂತಳು. ಲಾಳಿ ಮಡಿಲಲ್ಲಿಟ್ಟುಕೊಂಡು ಹೇಳಿದಳು. ಲಕ್ವಾ ಹೊಡೆದ ದಿನ ಮಗ್ಗದ ಸಪ್ಪಳ ನಿಂತದ್ದು ಆಕೆಗೆ ಕೇಳಿಸಿತ್ತು. "ಚಾ ಕುಡ್ಯಾಕ ಹೋಗ್ಯಾರ ಅಂತ ಅಡಗಿಮನ್ಯಾಗ ರೊಟ್ಟಿ ಬಡಕೋತ ಕುಂತಿದ್ದೆ. ಬುಟ್ಟಿ ತುಂಬೂತನಕ ಬಡದೆ. ಇವರು ಕುಣಿಯಾಗ ಮಗ್ಗಲಾಗಿ ಬಿದ್ದಿದ್ರು. ಈಗ ಸಪ್ಪಳ ನಿಂತ್ರ ನನ್ನ ಕೈಲೆ ಕೂಡಾಕಾಗಂಗಿಲ್ಲವಾ. ಕರೆಂಟ್ ಹೋದ್ರೂ ಎದ್ದ ಬರ್ತೇನಿ."

ಟಿವಿ ತನ್ನ ಪಾಡಿಗೆ ತಾನು ಕೂಗುತ್ತಿರುತ್ತದೆ, ಅದರಿಂದ ದೊಡ್ಡಪ್ಪನ ಸ್ಥಿತಿ ಹೇಗೆ ತಿಳಿದೀತು ಎಂದು ಆಕೆಯನ್ನು ಕೇಳಲು ನನಗೆ ಮನಸ್ಸಾಗಲಿಲ್ಲ. ಬೇರೆ ರೀತಿಯಲ್ಲಿ ಹೇಳಿದೆ: "ಈಗ ಹಂಗಲ್ಲ ದೊಡ್ಡವ್ವಾ. ಬಂದ್ ಆತಂದ್ರ ದೊಡ್ಡಪ್ಪ ಚೊಲೋ ಅದಾರಂತ ತಿಳಕೋ. ಚೊಲೋ ಇದ್ರಷ್ಟ ಒತ್ತಾಕ ಬರ್ತೈತಿ."

ಆಕೆ ಯೋಚಿಸಿದಳು. "ತಲಿಗಿ ತಿಳೀತವಾ. ಕಾಲಿಗಿ ತಿಳ್ಯಂಗಿಲ್ಲ." ಎದ್ದು ಖಣದ ಅಂಚು ಎತ್ತುವವಳಂತೆ ಕೈ ಮಾಡಿ, ಪಿನ್ನು ನೋಡಿ ಕೈ ಹಿಂದೆ ತೆಗೆದು, ಟಿವಿ ಹಚ್ಚಿ ಹೋದಳು.

ಸಂಜೆ ಅವರ ಮಗ, ಅಂದರೆ ನನ್ನ ಅಣ್ಣ, ಕಲ್ಲಿನ ಕಾರ್ಖಾನೆಯಿಂದ ಬಂದ. ಹುಬ್ಬಿನ ಮೇಲೆಲ್ಲ ಬಿಳೀ ಪುಡಿ. "ಏನ್ ಇಂಜಿನಿಯರ್ ಮೇಡಂ, ರಿಮೋಟ್ ಆತನ? ಹಂಗ ಅವ್ವಗೂ ಒಂದ್ ಬಟನ್ ಹಚ್ಚಿ ಹೋಗು. ನಾ ಒತ್ತಿದ್ರ ರೊಟ್ಟಿ ಬರಬೇಕು."

"ನಿನಗ ಮೊದಲ ಹಚ್ಚಬೇಕಲೇ" ಎಂದಳು ದೊಡ್ಡವ್ವ. "ಬಾಯಿ ಬಂದ್ ಮಾಡೂದು."

ದೊಡ್ಡಪ್ಪನೂ ನಕ್ಕರು. ಆ ನಗೆ ನೋಡಿ ನನಗೆ ಇನ್ನೂ ಏನೋ ಮಾಡಬಹುದು ಅನಿಸಿತು. ಹೊರಡುವ ಮೊದಲು ಗಂಟೆಯ ಸಪ್ಪಳ ಮಾಡುವ ಇನ್ನೊಂದು ಬಟನ್ ಮಾಡಿದೆ. ಟಿವಿ ಬಂದ್ ಮಾಡಿದ ಮೇಲೆ ದೊಡ್ಡಪ್ಪ ಅದನ್ನು ಒತ್ತಬೇಕು, "ಚೊಲೋ ಅದೇನಿ" ಅಂತ ದೊಡ್ಡವ್ವ ತಿಳಿಯಬೇಕು. ದೊಡ್ಡಪ್ಪ ಒತ್ತಿದರು. "ಬಂದ್ನಿ, ಬಂದ್ನಿ" ಎನ್ನುತ್ತ ಆಕೆ ಓಡಿ ಬಂದಳು. ಗಂಟೆ ಬಾರಿಸಿದರೆ ಕರೆದರು ಅಂತಲೇ ಅಲ್ಲವೇ? ಅದನ್ನೂ ಅಳಿಸಿದೆ.

ಕೆಲವು ದಿನಗಳ ಮೇಲೆ ದೊಡ್ಡವ್ವನ ಫೋನ್ ಬಂತು. "ನಿನ್ನ ಫೋನಿನ್ಯಾಗ ಯಾವಾಕಿಯೋ ಕುಣ್ಯಾಕತ್ತಾಳ. ಕೆಂಪು ಬಟನ್ ಕಾಣವಲ್ದು. ಇವರು ಕೈ ಇಟ್ಟ್ರ ಆಕಿ ಮತ್ತಿಷ್ಟು ಕುಣೀತಾಳ."

ಜಾಹೀರಾತು. ಬಿಟ್ಟಿ ಆ್ಯಪ್ ಅಲ್ಲವೇ, ಇಂಟರ್ನೆಟ್ ಸಿಕ್ಕರೆ ಸಾಕು. ನಾನು ಬಂದ್ ಮಾಡಿ ಬಂದಿದ್ದ ಆ ಫೋನಿನ ವೈಫೈಯನ್ನು ಅಣ್ಣ ಕ್ರಿಕೆಟ್ ಸ್ಕೋರ್ ನೋಡಲು ಹಚ್ಚಿ ಹಾಗೇ ಬಿಟ್ಟಿದ್ದ.

"ಮ್ಯಾಲಿನ ಮೂಲ್ಯಾಗ ಸಣ್ಣ ಗುಣಾಕಾರದ ಗುರುತು ಐತಿ ನೋಡು ದೊಡ್ಡವ್ವಾ, ಅದನ್ನ ಒತ್ತು."

"ಗುಣಾಕಾರ ಎಲ್ಲೈತವಾ? ಆಕಿ ಕಾಲ ಅಷ್ಟ ಕಾಣ್ತಾವ."

ಮೂಲೆ ಒಡೆದದ್ದು ಸರಿಯಾಗಿ ಅಲ್ಲೇ. ಅಲ್ಲಿ ಪರದೆಗೆ ಬೆರಳು ಮುಟ್ಟಿದ್ದು ತಿಳಿಯುತ್ತಿರಲಿಲ್ಲ. ನಾನು ಕಮತಗಿಯಲ್ಲಿ ಫೋನ್ ಕಿವಿಗೆ ಹಿಡಿದು ನಿಂತಿದ್ದೆ, ಅಲ್ಲಿ ಟಿವಿಯ ಗದ್ದಲ, ಅದರ ಮೇಲೆ ಕುಣಿಯುವವಳ ಹಾಡು, ಅದರ ಕೆಳಗೆ ಎಲ್ಲೋ ದೊಡ್ಡಪ್ಪನ ದನಿ, "ಬ್ಯಾಡ, ಬ್ಯಾಡ" ಎಂದು.

ಮತ್ತೆ ಹೋದೆ. ಇಂಟರ್ನೆಟ್ಟೇ ಬರದಂತೆ ಫೋನನ್ನು ವಿಮಾನದ ಗುರುತಿಗೆ ಹಾಕಿದೆ. ಕೆಂಪಿನ ಜೊತೆ ಧ್ವನಿಯ ಎರಡು ದೊಡ್ಡ ಬಟನ್ ಇಟ್ಟೆ, ಏರಿಸಲು ಹಸಿರು, ಇಳಿಸಲು ಹಳದಿ; ಅಷ್ಟು ದಿನದಲ್ಲಿ ದೊಡ್ಡಪ್ಪನ ಹೆಬ್ಬೆರಳು ಪಳಗಿತ್ತು. ನನ್ನ ಲೆಕ್ಕಾಚಾರ ಇದು: ಒಮ್ಮೆಗೇ ಬಂದ್ ಮಾಡುವ ಬದಲು ಸ್ವಲ್ಪ ಸ್ವಲ್ಪವೇ ಇಳಿಸಿದರೆ ದೊಡ್ಡವ್ವನಿಗೆ ಗೊತ್ತಾಗಲಿಕ್ಕಿಲ್ಲ. ನಾನು ಪಡಸಾಲೆಗೂ ಒಳಕೋಣೆಗೂ ನಡುವಿನ ಹೊಸ್ತಿಲ ಮೇಲೆ ಕೂತೆ. ಅಲ್ಲಿಂದ ಇಬ್ಬರೂ ಕಾಣುತ್ತಿದ್ದರು.

ದೊಡ್ಡಪ್ಪ ಹಳದಿಯನ್ನು ಒಂದು ಸಲ ಒತ್ತಿದರು. ಮಗ್ಗ ನಡೆದಿತ್ತು. ಇನ್ನೊಂದು ಸಲ. ನಡೆದಿತ್ತು. ಇನ್ನೊಂದು. ಲಾಳಿ ಅರ್ಧಕ್ಕೆ ತಡೆಯಿತು. ದೊಡ್ಡವ್ವ ಈ ಸಲ ಏಳಲಿಲ್ಲ. ಏಳಬಾರದು ಎಂದು ಗಟ್ಟಿ ಮಾಡಿಕೊಂಡಿದ್ದಳು. ಆದರೆ ಕತ್ತು ಒಳಗಿನ ಕಡೆ ತಿರುಗಿತ್ತು, ಕೈ ಗಾಳಿಯಲ್ಲೇ ನಿಂತಿತ್ತು.

"ನೇಯಿ ದೊಡ್ಡವ್ವಾ, ಅವರು ಆರಾಮ ಅದಾರ. ನಾ ನೋಡಾಕತ್ತೇನಲ್ಲ."

"ಹೂಂ" ಎಂದಳು. ಒಂದು ಎಳೆ ಹಾಕಿದಳು. ಮತ್ತೆ ನಿಂತಳು. "ಇವತ್ತ ನೀ ಅದೀದಿ."

ದೊಡ್ಡಪ್ಪನಿಗೆ ಒಳಗಿಂದ ಎಲ್ಲ ಕೇಳುತ್ತಿತ್ತು. ಅವರು ನನ್ನ ಕಡೆ ನೋಡಿದರು. ಸಿಟ್ಟು ಇರಲಿಲ್ಲ. ಹೆಬ್ಬೆರಳು ಹಸಿರಿಗೆ ಹೋಯಿತು. ಒಂದು ಏರಿಸಿದರು. ಮಗ್ಗ ಶುರುವಾಯಿತು, ತಡವರಿಸಿತು. ಇನ್ನೊಂದು ಏರಿಸಿದರು. ಈಗ ಖಟ್ ಖಟ್ ಎಂದು ಸರಾಗವಾಗಿ ನಡೆಯಿತು. ಹೊಸ್ತಿಲಲ್ಲಿದ್ದ ನನಗೆ ಕೇಳುತ್ತಿತ್ತು. ಎದ್ದು ಹೊರಸಿನ ಹತ್ತಿರ ಹೋದೆ. ಅಲ್ಲಿ ಅತ್ತೆಯ ದನಿ ಬಿಟ್ಟು ಬೇರೇನೂ ಕೇಳುತ್ತಿರಲಿಲ್ಲ.

ಫೋನ್ ಬಿಚ್ಚಿಕೊಂಡು ಸೆಟ್ಟಿಂಗಿನಲ್ಲಿ ಇದಕ್ಕೆ ಏನಾದರೂ ದಾರಿ ಇದೆಯೇ ಎಂದು ಮೇಲಿಂದ ಕೆಳಗೆ ನೋಡಿದೆ. ಬಣ್ಣ ಇತ್ತು, ಗಾತ್ರ ಇತ್ತು, ಒತ್ತಿದಾಗ ನಡುಗಬೇಕೋ ಬೇಡವೋ ಅನ್ನುವುದೂ ಇತ್ತು. ಮತ್ತೆ ಅದೇ ಹುರಿಯಿಂದ ಕಟ್ಟಿದೆ.

ದೊಡ್ಡಪ್ಪನ ಎಡಗೈ ಹೊರಸಿನಿಂದ ಕೆಳಗೆ ಇಳಿದು ನೆಲ ಮುಟ್ಟಿತ್ತು. ಜಾರಿದೆ ಎಂದುಕೊಂಡು ಎತ್ತಿ ಎದೆಯ ಮೇಲೆ ಇಟ್ಟೆ. ಅವರು ಮತ್ತೆ ಇಳಿಬಿಟ್ಟು, ಬೆರಳು ಅಗಲಿಸಿ, ಅಂಗೈಯನ್ನು ಹಾಸುಗಲ್ಲಿಗೆ ಒತ್ತಿ ಹಿಡಿದರು. ಮಗ್ಗದ ಕುಣಿ ಅದೇ ನೆಲದಲ್ಲಿದೆ, ಅದರ ಬಡಿತ ಕಲ್ಲಿಗೆ ಬರಬೇಕು. ನಾನೂ ಅವರ ಪಕ್ಕ ಕೂತು ಅಂಗೈ ಊರಿದೆ. ಅವರಿಗೆ ಏನಾದರೂ ಸಿಗುತ್ತಿತ್ತೋ ಏನೋ. ನನಗೆ ಕಲ್ಲಿನ ತಂಪು ಅಷ್ಟೇ ಸಿಕ್ಕಿತು.