ಬಲಗಡೆ ಬಿದ್ದ ಹೂವನ್ನು ಎಡಗಡೆ ಎಂದೆ

ನಮ್ಮ ಮಾರಮ್ಮನ ಒಕ್ಕಲಿನ ಎಲ್ಲರಿಗೂ ಶರಣು. ನಾನು ಮೂರನೇ ಕ್ಲಾಸು ಓದಿದವಳು, ತಪ್ಪಿದ್ದರೆ ತಿದ್ದಿಕೊಂಡು ಓದಿ. ಹೋದ ವರ್ಷ ನನ್ನ ಮೊಮ್ಮಗಳು ಕಳೆದುಹೋದಳು, ಮಾರಮ್ಮ ತಾಯಿ ಹುಡುಕಿಕೊಟ್ಟಳು. ಆದರೆ ಮಗು ಕಳೆದುಹೋಗುವ ಹಾಗೆ ಮಾಡಿದ್ದು ನಾನೇ. ಅದನ್ನು ಬಿಟ್ಟು ಬರೆದರೆ ಈ ಕಾಗದ ಇನ್ನೊಂದು ಸುಳ್ಳಾಗುತ್ತದೆ.

ಅಳಿಯ ತೀರಿಕೊಂಡ ಮೇಲೆ ಮಗಳು ಸುಜಾತಳಿಗೆ ಹೊಸೂರಿನ ಒಂದು ಕಂಪನಿಯಲ್ಲಿ ಕೆಲಸ ಸಿಕ್ಕಿತು. ಸೂಳಗಿರಿ ಪಕ್ಕದ ನಮ್ಮ ಹಳ್ಳಿಯಿಂದ ಅವಳು, ಅವಳ ಮಗಳು ಭವ್ಯ, ನಾನು ಬಾಡಿಗೆ ಮನೆ ಹುಡುಕಲು ಹೋದೆವು. ಬಸ್ ಸ್ಟ್ಯಾಂಡ್ ಹತ್ತಿರ ಬಾಡಿಗೆ ಕೇಳಿಯೇ ವಾಪಸ್ ಬಂದೆವು. ಅವಲಪಲ್ಲಿಯ ಒಂದು ಸಂದಿಯಲ್ಲಿ ನಮ್ಮ ಕೈಗೆಟುಕುವ ಮನೆ ಸಿಕ್ಕಿತು. ಶೀಟಿನ ಮನೆ. ಆದರೆ ನೀರಿತ್ತು, ಸ್ಕೂಲು ನಡೆಯುವಷ್ಟು ದೂರ, ಕಂಪನಿ ಬಸ್ಸು ಸಂದಿಯ ಬಾಯಲ್ಲೇ ನಿಲ್ಲುತ್ತಿತ್ತು.

ಪಕ್ಕದ ಮನೆಯ ಗೌರಮ್ಮ ಚೊಂಬಿನಲ್ಲಿ ನೀರು ತಂದುಕೊಟ್ಟಳು. ನಾನು ಅದನ್ನು ಹಿಡಿದುಕೊಂಡೇ, “ನೀವು ಯಾವ ಪೈಕಿ?” ಎಂದು ಕೇಳಿದೆ.

ಅವಳು ಮುಚ್ಚಿಡಲಿಲ್ಲ, ಜಾತಿ ಹೇಳಿದಳು. “ಬಾಯಾರಿದ್ರೆ ಕುಡೀರಜ್ಜಿ, ಇಲ್ದಿದ್ರೆ ಬುಡಿ” ಎಂದಳು.

ಹಳ್ಳಿಯಲ್ಲಿ ನಾವು ಅವರ ಕೈಯ ನೀರು ಕುಡಿದವರಲ್ಲ. ಚೊಂಬು ಕೆಳಗಿಟ್ಟೆ. ಭವ್ಯ ಎತ್ತಿ ಗಟಗಟ ಕುಡಿದಳು. ಗೌರಮ್ಮನ ಎದುರಿಗೇ ಮಗುವಿನ ಕೈಗೆ ಹೊಡೆದೆ.

ವಾಪಸ್ ಬರುವಾಗ ಬಸ್ಸಿನಲ್ಲಿ ಮಗಳು ಬೈದಳು. “ಊರಿನ ಕೊಳೇನ ಇಲ್ಲೀಗೂ ಹೊತ್ಕಂಡು ಬತ್ತೀಯೇನಮ್ಮ? ಆಗ್ಲಿ, ಮಾರಮ್ಮನ್ನೇ ಹೂವ ಕೇಳು. ಅವ್ಳು ಏನ್ ಯೋಳ್ತಾಳೋ ಅದೇ.”

ಶುಕ್ರವಾರ ಗುಡಿಗೆ ಹೋದೆವು. ಪೂಜಾರಿ ಒದ್ದೆ ಹೂವನ್ನು ತಾಯಿಯ ಎರಡು ಭುಜಕ್ಕೂ ಅಂಟಿಸಿದರು. ಬಲಗಡೆಯದು ಬಿದ್ದರೆ ಆಗಲಿ ಎಂದು, ಎಡಗಡೆಯದು ಬಿದ್ದರೆ ಬೇಡ ಎಂದು ಅರ್ಥ. ಮಗಳು ಹೊರಗೆ ತೆಂಗಿನಕಾಯಿಯ ಜುಟ್ಟು ಕೀಳುತ್ತಿದ್ದಳು. ಅವಲಪಲ್ಲಿ ಮನೆಗೆ ಹೋಗಲೇ ಎಂದು ಮನಸ್ಸಿನಲ್ಲಿ ಕೇಳಿದೆ. ಕೇಳಿ ಮುಗಿಸುವ ಮೊದಲೇ ಬಲಗಡೆ ಬಿತ್ತು. ನಾನೇನು ಕೇಳಿದೆನೋ ಪೂಜಾರಿಗೆ ಗೊತ್ತಿಲ್ಲ. ಹೂವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಗೆ ಬಂದು, “ಎಡಗಡೆ ಆಯ್ತು ಕಣೆ” ಎಂದೆ. ಮಗಳು ನಂಬಿದಳು.

ಬಾಗಲೂರು ರಸ್ತೆಯಲ್ಲಿ ನಮ್ಮವರ ಬೀದಿಯಲ್ಲೇ ಮನೆ ಮಾಡಿದೆವು. ಅರ್ಧ ಸಂಬಳ ಬಾಡಿಗೆಗೇ ಹೋಯಿತು. ಅದಕ್ಕಾಗಿ ಮಗಳು ದಿನಾ ಹೆಚ್ಚು ಹೊತ್ತು ನಿಂತು ಓಟಿ ಮಾಡಿದಳು. ಕಂಪನಿ ಬಸ್ಸು ಅಲ್ಲಿಗೆ ಬರುತ್ತಿರಲಿಲ್ಲ. ಅವಲಪಲ್ಲಿಯಲ್ಲಿ ಇಳಿದು, ಎರಡು ಟೌನ್ ಬಸ್ಸು ಹತ್ತಿ ಮನೆಗೆ ಬರುವಳು. ಮಗು ಅವಳ ಮುಖ ನೋಡುತ್ತಿದ್ದುದು ಊಟದ ಹೊತ್ತಿಗೆ ಮಾತ್ರ. ಮೂರು ತಿಂಗಳು ಇದನ್ನು ನೋಡುತ್ತಾ ಸುಮ್ಮನಿದ್ದೆ.

ಒಂದು ಸೋಮವಾರ ಸ್ಕೂಲು ಬಿಟ್ಟರೂ ಭವ್ಯ ಬರಲಿಲ್ಲ. ಸ್ಕೂಲಿಗೆ ಹೋದರೆ ಗೇಟು ಮುಚ್ಚಿತ್ತು. ಅಂಗಡಿಯವರನ್ನು, ಆಟೋದವರನ್ನು ಕೇಳಿದೆ. ಅವರ ಕೈಯಲ್ಲಿ ನನ್ನ ಫೋನಿನಿಂದ ಮಗಳಿಗೆ ಹಚ್ಚಿಸಿದರೆ ಎತ್ತಲಿಲ್ಲ, ಕಂಪನಿಯೊಳಗೆ ಫೋನ್ ಬಿಡುವುದಿಲ್ಲ. ಬೀದಿಯ ನಮ್ಮವರು, “ಬತ್ತಾಳೆ ಬುಡಮ್ಮ” ಎಂದು ಒಳಗೆ ಹೋದರು. ಕತ್ತಲಾಗುವ ಹೊತ್ತಿಗೆ ಬಸ್ ಸ್ಟಾಪಿಗೆ ಬಂದು ನೆಲದ ಮೇಲೇ ಕುಳಿತೆ.

“ತಾಯಿ, ನಿನ್ನ ಮಾತನ್ನ ತಿರುಚಿದೋಳು ನಾನು. ನನ್ನ ತಕ್ಕೋ, ಮಗೂನ ಬುಟ್ಟುಬುಡು. ಎಲ್ಲಾರ್ ಮುಂದೇನೂ ಒಪ್ಕಂತೀನಿ” ಎಂದು ಬಾಯಿಬಿಟ್ಟೇ ಬೇಡಿದೆ. ಜನ ನೋಡಿದರು. ನೋಡಲಿ.

ಸ್ವಲ್ಪ ಹೊತ್ತಿಗೇ ಫೋನ್ ಬಂತು. ಮಗಳು. “ಭವ್ಯ ಸಿಕ್ಕವ್ಳೆ ಕಣಮ್ಮ. ಅವಲಪಲ್ಲೀಲಿ, ಗೌರಮ್ಮಾರ ಜಗಲಿ ಮೇಲೆ ಕೂತವ್ಳೆ.”

ಅಮ್ಮ ಇಳಿಯುವ ಕಡೆಯೇ ಹೋಗಿ ನಿಂತರೆ ಬೇಗ ಸಿಗುತ್ತಾಳೆ ಎಂದು ಮಗು ಒಬ್ಬಳೇ ಎರಡು ಟೌನ್ ಬಸ್ಸು ಹತ್ತಿ ಹೋಗಿದ್ದಳು. ಹೆಂಗಸರಿಗೆ ದುಡ್ಡಿಲ್ಲದ ಬಸ್ಸು, ಯಾರೂ ಕೇಳಲಿಲ್ಲ. ದಾರಿಬದಿಯಲ್ಲಿ ಅಳುತ್ತಿದ್ದವಳ ಗುರುತು ಹಿಡಿದು ಗೌರಮ್ಮ ಮನೆಗೆ ಕರೆದುಕೊಂಡು ಹೋಗಿದ್ದಳು. ಕಂಪನಿ ಬಸ್ಸು ಬರುವವರೆಗೂ ಕಾದು ಮಗಳನ್ನು ತಡೆದು ನಿಲ್ಲಿಸಿದ್ದಳು.

ನಾನು ಅಲ್ಲಿಗೆ ಹೋಗಿ ನಿಂತುಕೊಂಡೇ ಹೇಳಿದೆ: ಹೂವು ಬಲಗಡೆ ಬಿದ್ದಿತ್ತು.

ಮಗಳು ಭವ್ಯಳನ್ನು ಹತ್ತಿರಕ್ಕೆ ಎಳೆದುಕೊಂಡಳು. ಆಮೇಲೆ, “ನಾನು ದಿನಾ ಸುಸ್ತಾಗಿ ಬಂದು ಬೀಳೋದ ನೋಡ್ತಿದ್ದಲ್ಲಮ್ಮ. ಒಂದಿನಾನಾದ್ರೂ ಯೋಳ್ಬೇಕು ಅನ್ನಿಸ್ಲಿಲ್ವಾ?” ಎಂದಳು.

ಗೌರಮ್ಮ ನನ್ನನ್ನೇ ನೋಡಿದಳು. “ಆ ಮನೇಗೆ ಬೇರೇರು ಬಂದ್ರಜ್ಜಿ. ಈ ಸಂದಿ ಕೊನೇ ಮನೆ ಖಾಲಿ ಐತೆ, ಒಸಿ ಚಿಕ್ಕದು. ನೋಡ್ತೀರಾ, ಇಲ್ಲ ಮತ್ತೆ ಹೋಗಿ ಹೂವ ಕೇಳ್ಬೇಕಾ?”

ತಲೆ ಎತ್ತಲಾಗಲಿಲ್ಲ. ನೋಡುತ್ತೇನೆ ಎಂದೆ.

ಈಗ ನಾವು ಅಲ್ಲೇ ಇದ್ದೇವೆ. ಮಗಳು ಬೆಳಕಿರುವಾಗಲೇ ಮನೆಗೆ ಬರುತ್ತಾಳೆ. ಸುಳ್ಳು ಹೇಳಿದವಳ ಬೇಡಿಕೆಯನ್ನೂ ಮಾರಮ್ಮ ತಾಯಿ ಕೇಳಿಸಿಕೊಂಡಳು. ಶಿಕ್ಷೆ ಕೊಟ್ಟಿದ್ದರೆ ಇಷ್ಟು ನಾಚಿಕೆ ಆಗುತ್ತಿರಲಿಲ್ಲ. ಅವಳು ಇದ್ದಾಳೆ, ನೋಡುತ್ತಾಳೆ ಎಂದು ಈಗ ನನಗೆ ಚೆನ್ನಾಗಿ ಗೊತ್ತು. ಮಗಳು ಇನ್ನೂ ಮೊದಲಿನಂತೆ ನನ್ನ ಜೊತೆ ಮಾತಾಡುವುದಿಲ್ಲ. ಅದನ್ನು ಸರಿಮಾಡು ಎಂದು ತಾಯಿಯನ್ನು ಬೇಡುವುದಿಲ್ಲ. ಅವಳು ಮಾಡಬೇಕಾದ್ದನ್ನು ಮಾಡಿ ಮುಗಿಸಿದ್ದಾಳೆ. ಉಳಿದದ್ದು ನನ್ನ ಕೆಲಸ.