ಬೆಂಚಿನ ಮೇಲಿನ ಧೈರ್ಯ

ಮರಾಠಿ ಸೀಮೆಯ ನಿಗಡಿಯ ಜಿಮ್ನಾಸ್ಟಿಕ್ಸ್ ಕ್ಲಾಸಿಗೆ ಕೋಚ್ ಒಬ್ಬರೇ ಎಂದು ಯಾರಾದರೂ ಹೇಳಿದರೆ, ಅವರು ಹೊಟೇಲಿನ ಹರಿಶ್ಚಂದ್ರಣ್ಣನನ್ನು ನೋಡಿಲ್ಲವೆಂದೇ ಅರ್ಥ. ಉಡುಪಿ ಕಡೆಯ ಈ ಮಹಾನುಭಾವರು ಸಂಜೆ ಗಲ್ಲಾವನ್ನು ಹೆಂಡತಿಗೆ ಒಪ್ಪಿಸಿ, ಮಗಳು ಅಪೇಕ್ಷಾಳೊಂದಿಗೆ ಬಂದು ಪಾಲಕರ ಬೆಂಚಿನಲ್ಲಿ ಆಸೀನರಾದರೆಂದರೆ ಕೋಚ್ ಮೇಡಂ ಮಾತಿಗೆ ಮಂಗಳ ಹಾಡಿದಂತೆಯೇ. ಚಪ್ಪಲಿ ಎತ್ತಲು ಬಗ್ಗಿದರೂ 'ಅಯ್ಯಯ್ಯೋ ಸೊಂಟ' ಎನ್ನುವವರು, ಹಿಂದಕ್ಕೆ ಹಾರಿ, ಅಂಗೈ ಊರಿ, ಮಗುಚಿ ಮತ್ತೆ ಕಾಲ ಮೇಲೆ ನಿಲ್ಲುವ ಬ್ಯಾಕ್ ಹ್ಯಾಂಡ್‌ಸ್ಪ್ರಿಂಗ್ ವಿಷಯದಲ್ಲಿ ಮಾತ್ರ ಮಹಾಪಂಡಿತರು. "ಹಾರು ಮಗಾ! ಹೆದರುದು ಎಂತಕ್ಕೆ? ನೆಲ ಎಲ್ಲಿಗಾದ್ರೂ ಓಡಿ ಹೋಗ್ತದಾ?" ಪಕ್ಕದ ತಾಯಂದಿರಿಗೆ ಮರಾಠಿಯಲ್ಲೂ ಇದೇ ಉಪದೇಶ. ಆದರೆ ಅಪೇಕ್ಷಾ ತೋಳೆತ್ತಿ ನಿಂತೊಡನೆ ಇವರ ಕಣ್ಣು ಗಟ್ಟಿಯಾಗಿ ಮುಚ್ಚಿಕೊಳ್ಳುತ್ತದೆ. ಗಲ್ಲಾದಲ್ಲಿ ಕೂತೇ, ಅಡುಗೆಮನೆಯಲ್ಲಿ ಬಿದ್ದದ್ದು ತಟ್ಟೆಯೋ ಲೋಟವೋ ಎಂದು ಹೇಳಬಲ್ಲ ಕಿವಿ ಅವರದು. ಮೊದಲು ಅಂಗೈ, ಆಮೇಲೆ ಪಾದ, ಎರಡರ ಸದ್ದೂ ಕೇಳಿದ ಮೇಲೆಯೇ ಕಣ್ಣು ತೆರೆದು, "ನೋಡಿದ್ರಾ? ನಾನು ಹೇಳಿದ ಹಾಗೇ ಹಾರಿದ್ಳು!" ಎಂದು ಮೀಸೆ ತಿರುವುತ್ತಾರೆ. ಈ ಗುಟ್ಟು ಯಾರಿಗೂ ಗೊತ್ತಿಲ್ಲವೆಂದೇ ಅವರ ನಂಬಿಕೆ. ಅಪೇಕ್ಷಾ ಮಾತ್ರ ಹಾರುವ ಮುನ್ನ ಪ್ರತಿಸಲವೂ ಬೆಂಚಿನ ಕಡೆ ನೋಡುತ್ತಾಳೆ. ಅಪ್ಪ ಕಣ್ಣು ಮುಚ್ಚಿದ್ದಾರೆಂದು ಖಾತ್ರಿಯಾದ ಮೇಲೆಯೇ ಹಾರುತ್ತಾಳೆ.