ದಪ್ಪಮ್ಮನ ಏಣಿ

ನಮ್ಮ ಅತ್ತೆಯ ಮುಂದೆ ಸುಳ್ಳು ಹೇಳಿ ದಕ್ಕಿಸಿಕೊಂಡವರು ನಮ್ಮ ಮನೆತನದಲ್ಲಿ ಯಾರೂ ಇಲ್ಲ. ಅವಳು ಅಪ್ಪನ ಅಕ್ಕ. ಕಸುಬು ಗಂಡಸರ ಅಂಗಿ ಹೊಲಿಯುವುದು, ಹುಚ್ಚು ಪುಟ್ಟ ಮಾದರಿ ಹಡಗುಗಳನ್ನು ಕಟ್ಟುವುದು. ಅಂಗಡಿಯ ಮುಂಭಾಗದಲ್ಲಿ ಹೊಲಿಗೆ ಯಂತ್ರ, ಕತ್ತರಿ, ಬಟ್ಟೆಯ ರಾಶಿ. ಪರದೆ ಸರಿಸಿದರೆ ಮರದ ಚೂರು, ಅಂಟು, ಇಕ್ಕಳ. "ಇವತ್ತು ಕೊಡ್ತೀನಿ ಅಂದಿದ್ರಲ್ಲಾ" ಎಂದು ಗಿರಾಕಿ ತಕರಾರು ತೆಗೆದರೆ, ಆ ಅಂಗಿಗೆ ಸಲ್ಲಬೇಕಾದ ಹೊತ್ತು ಪರದೆಯ ಹಿಂದೆ ಯಾವುದೋ ಹಾಯಿಕಂಬಕ್ಕೆ ಸಂದಿದೆ ಎಂದೇ ಅರ್ಥ.

ಚೆನ್ನಾಗಿ ಕಂಡರೆ ಸಾಕು ಎಂದು ಕಟ್ಟುವವರನ್ನು ಕಂಡರೆ ಅವಳಿಗೆ ಮೈಯೆಲ್ಲ ಉರಿ. "ಸಾಕ್ಷಿ ಇಲ್ಲದೆ ಒಂದು ಮೊಳೆಯನ್ನೂ ಹೊಡೆಯೋದಿಲ್ಲ" ಎನ್ನುತ್ತಿದ್ದಳು. ಒಮ್ಮೆ ಮೀನು ಹಿಡಿಯುವ ದೋಣಿಯೊಂದನ್ನು ಮುಗಿಸಿ ಕಪಾಟಿನಲ್ಲಿಟ್ಟ ಮೇಲೆ, ಆ ಕಾಲದ ಹಗ್ಗವನ್ನು ಇನ್ನೊಂದು ಕಡೆಗೆ ಹೊಸೆಯುತ್ತಿದ್ದರೆಂದು ತಿಳಿಯಿತು. ನೂಲನ್ನೆಲ್ಲ ಬಿಚ್ಚಿ ಮತ್ತೆ ಹೊಸೆದಳು. ಅದು ಮುಗಿಯುವವರೆಗೂ ಮನೆಯಲ್ಲಿ ಬ್ರೆಡ್ಡು, ಚಹಾ.

"ನನ್ನ ಅಂಗಿಯ ಗುಂಡಿ ಬಿದ್ದುಹೋಗಿದೆ. ಅದಕ್ಕೂ ಸಾಕ್ಷಿ ತರಬೇಕೇನೇ?" ಎಂದು ಮಾವ ಕಾಲೆಳೆಯುತ್ತಿದ್ದರು.

ಮಾವ, ಅಂದರೆ ಅವಳ ಗಂಡ, ಅಳಿವೆ ದಾಟಿಸುವ ಉಗಿಹಡಗಿನಲ್ಲಿ ಯಂತ್ರಗಳಿಗೆ ಎಣ್ಣೆ ಹಾಕುವ ಕೆಲಸದಲ್ಲಿದ್ದವರು. ಅಗಲವಾದ ಆ ಹಡಗನ್ನು ಕೆಲಸದವರೆಲ್ಲ ದಪ್ಪಮ್ಮ ಎಂದೇ ಕರೆಯುತ್ತಿದ್ದರು. ಸೇತುವೆ ಬಂದ ಮೇಲೆ ಅದನ್ನು ಒಡೆದು ಗುಜರಿಗೆ ಹಾಕಿದರು. ಮಾವನ ಬಾಯಲ್ಲಿ ಮಾತ್ರ ದಪ್ಪಮ್ಮ ದಿನವೂ ಹೊರಡುತ್ತಿದ್ದಳು. ವಯಸ್ಸಾದಂತೆ ಅವರ ಕಣ್ಣು ಮಬ್ಬಾಗುತ್ತಾ ಬಂದು ಕೊನೆಗೆ ಪೂರ್ತಿ ಹೋಯಿತು. ಆಗ ಅತ್ತೆ, "ನಿಮ್ಮ ದಪ್ಪಮ್ಮನ್ನ ಕಟ್ಟಿಕೊಡ್ತೀನಿ, ಮುಟ್ಟಿ ನೋಡಿ" ಎಂದಳು. ಮಾವ ಎಳೆಮಗುವಿನಂತೆ ಖುಷಿಪಟ್ಟರು.

ನಕ್ಷೆ ಎಲ್ಲೂ ಸಿಗಲಿಲ್ಲ. ಬಂದರಿನ ಪಕ್ಕದ ಪುಟ್ಟ ವಸ್ತುಸಂಗ್ರಹಾಲಯದಲ್ಲಿ ಒಂದೇ ಒಂದು ಒಳ್ಳೆಯ ಫೋಟೋ ಇತ್ತು. ಯಾರೋ ಬಂದರು ಕಟ್ಟಡದ ಮಹಡಿಯಿಂದ ತೆಗೆದದ್ದು. ಹಡಗಿನ ಡೆಕ್ಕು, ಚಿಮಣಿ, ಯಂತ್ರದ ಕೋಣೆಗೆ ಇಳಿಯುವ ಏಣಿ, ಮುಂದೆ ಸಾಲಾಗಿ ನಿಂತ ಕೆಲಸದವರು, ಎಲ್ಲವೂ ಸ್ಪಷ್ಟ. ಹೆಸರಿನ ಹಲಗೆ ಮಾತ್ರ ಕಾಣುತ್ತಿರಲಿಲ್ಲ. ಇಡೀ ಚಿತ್ರದಲ್ಲಿ ಓದುವಂಥ ಒಂದು ಅಕ್ಷರವೂ ಇರಲಿಲ್ಲ. ಅತ್ತೆ ಅದರ ಪ್ರತಿ ತಂದು ಹೊಲಿಗೆ ಯಂತ್ರದ ಮೇಲಿನ ಗೋಡೆಗೆ ಅಂಟಿಸಿ, ಭೂತಗನ್ನಡಿ ಹಿಡಿದು ಕೂತಳು. "ಈ ಗಂಡಸರು ಸಾಲಾಗಿ ನಿಂತು ನನ್ನ ಹಡಗಿನ ಅಂಚಿನ ಕಂಬಿಯನ್ನೆಲ್ಲ ಮುಚ್ಚಿಬಿಟ್ಟಿದ್ದಾರೆ, ಹಾಳಾದವರು!" ಎಂದು ಅವರಿಗೆ ದಿನವೂ ಬೈಗುಳದ ಅಭಿಷೇಕ.

ಹಡಗು ಸಿದ್ಧವಾದ ದಿನ ಅಪ್ಪನೂ ನಾನೂ ಹೋಗಿದ್ದೆವು. ಮಾವ ಎರಡೂ ಕೈಯಿಂದ ಅದನ್ನು ಸವರಿದರು. ಚಿಮಣಿ ಮುಟ್ಟಿ ನಕ್ಕರು. ಆಮೇಲೆ ಬೆರಳು ಏನನ್ನೋ ಹುಡುಕಿತು, ಮತ್ತೆ ಹುಡುಕಿತು. ನಗು ಇಳಿದುಹೋಯಿತು.

"ಏಣಿ ಬಲಗಡೆ ಇರಬೇಕು ಕಣೇ. ಇದು ನನ್ನ ಹಡಗಲ್ಲ."

"ಫೋಟೋದಲ್ಲಿ ಎಡಗಡೆ ಇದೆಯಲ್ಲಾ ರೀ."

"ಅಷ್ಟು ವರ್ಷ ಹತ್ತಿ ಇಳಿದವನು ನಾನು."

ಅಪ್ಪ ನನ್ನ ಕಿವಿಯಲ್ಲಿ ಪಿಸುಗುಟ್ಟಿದ: "ಭಾವನಿಗೆ ಮರೆವು ಶುರುವಾಗಿದೆ. ಮೊನ್ನೆ ಚಹಾಕ್ಕೆ ಉಪ್ಪು ಹಾಕಿದ್ರಂತೆ." ಪಿಸುಮಾತಿನಲ್ಲಿ ಅಪ್ಪನಷ್ಟು ದಡ್ಡ ಯಾರೂ ಇಲ್ಲ, ಮಾವನ ಕಿವಿಗೆ ಅದು ಬಿದ್ದೇಬಿಟ್ಟಿತು.

ಅಂದಿನಿಂದ ದಪ್ಪಮ್ಮನ ಮಾತು ನಿಂತಿತು. ಬಾಗಿಲಿಗೆ ಚಿಲಕ ಹಾಕಿದ ಮೇಲೂ "ಹಾಕಿದೆನಾ?" ಎಂದು ಕೇಳುವರು. ಮಾತ್ರೆ ನುಂಗಿ, "ನುಂಗಿದೆನಾ?" ಎನ್ನುವರು. ಕಣ್ಣು ಹೋದಾಗಲೂ ಕುಗ್ಗದ ಮನುಷ್ಯ ಒಂದು ಏಣಿಯಿಂದ ಕುಗ್ಗಿಹೋದರು.

"ಏಣಿ ಕಿತ್ತು ಆ ಕಡೆ ಅಂಟಿಸಿಬಿಡು ಅತ್ತೆ. ನಿನ್ನ ಗಂಟೇನು ಹೋಗುತ್ತೆ?" ಎಂದೆ.

"ಸಮಾಧಾನಕ್ಕೆ ಅಂತ ಸುಳ್ಳು ಕಟ್ಟಿಕೊಡಲಾ? ಮುಟ್ಟಿದ ತಕ್ಷಣ ಅವರಿಗೆ ಗೊತ್ತಾಗುತ್ತೆ, ನನ್ನನ್ನ ಮಗು ಥರ ಆಡಿಸ್ತಿದ್ದಾಳೆ ಅಂತ. ಆಮೇಲೆ ಅವರು ಯಾವುದನ್ನ ನಂಬಬೇಕು?" ಎಂದು ಅತ್ತೆ ಗದರಿದಳು. ಅವಳ ಕಣ್ಣಲ್ಲಿ ನೀರಿತ್ತು. ಅವಳನ್ನು ಹಾಗೆ ನೋಡಿದ್ದು ನಾನು ಅದೇ ಮೊದಲು.

ಒಂದು ಮಧ್ಯಾಹ್ನ ಅಪ್ಪನ ಅಂಗಿ ತರಲು ಅಂಗಡಿಗೆ ಹೋದೆ. ಎಂದಿನಂತೆ ಅದು ಇನ್ನೂ ಮುಗಿದಿರಲಿಲ್ಲ. ಅತ್ತೆ ಅಂಗಿಯನ್ನು ಮೇಜಿನ ಮೇಲೆ ಹರಡಿ, ಜೇಬು ಕೂರಿಸಬೇಕಾದ ಜಾಗಕ್ಕೆ ಸೀಮೆಸುಣ್ಣದಿಂದ ಗುರುತು ಹಾಕುತ್ತಿದ್ದಳು. ತಲೆ ಎತ್ತಿ ಗೋಡೆಯ ಮೇಲಿನ ಗಂಡಸರನ್ನು ದುರುಗುಟ್ಟಿ ನೋಡಿದಳು. ಬೈಗುಳ ಬರುತ್ತದೆಂದು ಕಾದೆ. ಬರಲಿಲ್ಲ. ಸೀಮೆಸುಣ್ಣ ಕೆಳಗೆ ಬಿತ್ತು.

"ಇಲ್ಲಿ ಬಾರೇ. ಅಂಗಿಗೆ ಜೇಬು ಯಾವ ಕಡೆ ಇರುತ್ತೆ?"

"ಎಡಗಡೆ ಎದೆಗೆ."

"ಇವರ ಜೇಬು ನೋಡು."

ನೋಡಿದೆ. ಮೊದಲನೆಯವನದ್ದು ಅವನ ಬಲಗಡೆ ಎದೆಗೆ ಇತ್ತು. ಪಕ್ಕದವನದ್ದೂ ಬಲಗಡೆ. ಸಾಲಿನ ಕೊನೆಯ ಬೊಜ್ಜಿನವನದ್ದೂ ಬಲಗಡೆಯೇ. ಅತ್ತೆ ಭೂತಗನ್ನಡಿ ತಂದು ಗುಂಡಿಪಟ್ಟಿ ನೋಡಿದಳು. ಗಂಡಸರ ಅಂಗಿಯ ಪಟ್ಟಿ ಬಲದ ಮೇಲೆ ಎಡ ಬರುವಂತೆ ಇರುತ್ತದೆ. ಇಲ್ಲಿ ಎಲ್ಲರದ್ದೂ ಉಲ್ಟಾ.

"ಒಬ್ಬ ದರ್ಜಿ ತಪ್ಪು ಹೊಲಿದಿರಬಹುದು. ಊರಿನ ದರ್ಜಿಗಳೆಲ್ಲ ಸೇರಿ ತಪ್ಪು ಹೊಲೀತಾರೇನೇ? ಫೋಟೋನೇ ಎಡಬಲ ಆಗಿದೆ! ಇಷ್ಟು ದಿನ ಕಣ್ಣೆದುರಿಗೇ ಇದ್ದರಲ್ಲೇ, ನಾನು ಕಂಬಿ ನೋಡ್ತಾ ಕೂತಿದ್ದೆ!"

ಅಂಗಡಿಗೆ ಬೀಗ ಹಾಕಿ ಹೊರಟೇಬಿಟ್ಟಳು. ವಸ್ತುಸಂಗ್ರಹಾಲಯದ ಮೇಲ್ವಿಚಾರಕ ಊಟದ ಡಬ್ಬಿ ಮುಚ್ಚಿಟ್ಟು, ನಮಗಿಂತ ಹೆಚ್ಚು ಹುರುಪಿನಿಂದ ಪೆಟ್ಟಿಗೆಗಳನ್ನು ತಡಕಾಡಿ ಮೂಲ ನೆಗೆಟಿವ್ ಹುಡುಕಿದ. ಕಿಟಕಿಯ ಬೆಳಕಿಗೆ ಹಿಡಿದು, ಅಂಚಿನಲ್ಲಿದ್ದ ಸಣ್ಣ ಅಂಕಿಗಳು ನೇರವಾಗಿ ಕಾಣುವಂತೆ ತಿರುಗಿಸಿದ. ಅಂಕಿ ನೇರವಾದಾಗ ಏಣಿ ಬಲಗಡೆಗೆ ಬಂತು. ಪ್ರತಿ ತೆಗೆಯುವಾಗ ಯಾರೋ ಫಿಲ್ಮನ್ನು ಮಗುಚಿ ಇಟ್ಟಿದ್ದರು, ಅಷ್ಟೇ.

"ನಾನು ಬಂದಾಗಿನಿಂದ ಇದನ್ನ ತಿರುಗಾಮುರುಗಾ ತೂಗುಹಾಕಿದೀನಲ್ಲಮ್ಮಾ!" ಎಂದು ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. ಅತ್ತೆ ನಗಲಿಲ್ಲ. ಅಲ್ಲೇ ಬೆಂಚಿನ ಮೇಲೆ ಕೂತು ಗಳಗಳ ಅತ್ತಳು. ಅದು ಗೆದ್ದವರ ಅಳು, ನನಗೂ ತಡೆಯಲಾಗಲಿಲ್ಲ.

ಆಮೇಲೆ ಅವಳು ಏಣಿಯೊಂದನ್ನೇ ಬದಲಿಸಿ ಬಿಡಲಿಲ್ಲ. ಚಿತ್ರದಲ್ಲಿ ಎಡಗಡೆ ಇದ್ದದ್ದನ್ನೆಲ್ಲ ಬಲಕ್ಕೆ, ಬಲಗಡೆ ಇದ್ದದ್ದನ್ನೆಲ್ಲ ಎಡಕ್ಕೆ ತಂದಳು. ಗಿರಾಕಿಗಳು ಬಂದು ಬಂದು ವಾಪಸು ಹೋದರು. ಅಪ್ಪನ ಅಂಗಿಯಂತೂ ಜೇಬಿಲ್ಲದೆ ಮೂಲೆ ಸೇರಿತು.

ಮುಗಿದ ದಿನ ಮತ್ತೆ ಎಲ್ಲರೂ ಸೇರಿದೆವು. ಮಾವನಿಗೆ ಮನಸ್ಸಿರಲಿಲ್ಲ, ಅತ್ತೆಯೇ ಅವರ ಕೈ ಹಿಡಿದು ಹಡಗಿನ ಮೇಲಿಟ್ಟಳು. ಈ ಸಲ ಬೆರಳು ಹುಡುಕಲಿಲ್ಲ. ನೇರ ಬಲಕ್ಕೆ ಹೋಗಿ, ಏಣಿಯ ಮೇಲೆ ಎರಡು ಬೆರಳು ನಡೆಯುತ್ತಾ ಇಳಿದವು. ಕೆಳಗೆ ಹೋಗಿ ನಿಂತವು.

"ಸಾಕ್ಷಿ ಸಿಕ್ಕಿತು ರೀ. ಫೋಟೋ ತಪ್ಪು, ನೀವು ಸರಿ" ಎಂದಳು ಅತ್ತೆ. ಜೇಬಿನ ಕಥೆಯನ್ನೂ ಹೇಳಿದಳು.

"ಭಾವ, ತಪ್ಪಾಯ್ತು" ಎಂದ ಅಪ್ಪ, ಈ ಸಲ ಪಿಸುಗುಟ್ಟದೆ.

"ಉಪ್ಪು ಹಾಕಿದ್ದು ಕಣ್ಣು ಕಾಣದೆ ಕಣಯ್ಯಾ, ತಲೆ ಕೆಟ್ಟು ಅಲ್ಲ!" ಎಂದು ಮಾವ ಗಟ್ಟಿಯಾಗಿ ನಕ್ಕರು. ಮನೆ ಮತ್ತೆ ಮನೆಯಾಯಿತು. ಅವರ ಕೈ ಏಣಿ ಹತ್ತಿ ಮೇಲೆ ಬಂದು ಏಣಿಯ ತುದಿಯ ಹಿಡಿಕೆಯ ಹತ್ತಿರ ನಿಂತಿತು.

"ಇದು ತೀರಾ ನೆಟ್ಟಗಿದೆಯಲ್ಲೇ. ದಪ್ಪಮ್ಮನ ಈ ಹಿಡಿಕೆ ಸೊಟ್ಟಗಿತ್ತು. ಹಡಗು ಕಟ್ಟುವ ದಪ್ಪ ಹಗ್ಗ ಬಿದ್ದು ಬಗ್ಗಿತ್ತು."

ನಾನು ಗೋಡೆಯ ಮೇಲಿನ ಹೊಸ ಪ್ರತಿಯತ್ತ ನೋಡಿದೆ. ಆ ಹಿಡಿಕೆಗೆ ಸರಿಯಾಗಿ ಅಡ್ಡ ಬಂದು ಬೊಜ್ಜಿನವನು ನಿಂತಿದ್ದ. ಎಲ್ಲರೂ ಅತ್ತೆಯ ಮುಖ ನೋಡಿದೆವು. ಈಗ ಸಾಕ್ಷಿ ಕೇಳುತ್ತಾಳೆ ಎಂದುಕೊಂಡೆ.

ಅತ್ತೆ ಇಕ್ಕಳ ಕೈಗೆತ್ತಿಕೊಂಡಳು.

"ಯಾವ ಕಡೆಗೆ ಬಗ್ಗಿಸಲಿ, ಹೇಳಿ."